ಡಿಪ್‌ಸ್ಟಿಕ್ ಇಲ್ಲದ ಹೊಸ ಪಿಕಪ್‌ನಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಮಟ್ಟ ನೋಡುವುದು ಹೇಗೆ?

ಬಾನೆಟ್ ಎತ್ತಿ ನೋಡಿದರೆ ಎಂಜಿನ್ ಆಯಿಲಿನ ಡಿಪ್‌ಸ್ಟಿಕ್, ಅಂದರೆ ಮಟ್ಟ ಅಳೆಯುವ ಕಡ್ಡಿ, ಸಿಗುತ್ತದೆ, ಗೇರ್‌ಬಾಕ್ಸಿನದು ಮಾತ್ರ ಎಷ್ಟು ಹುಡುಕಿದರೂ ಕಾಣುವುದಿಲ್ಲ; ಅದು ಎಲ್ಲಿದೆ ಎಂದು ಹೊಸ ಪಿಕಪ್ ಕೊಂಡ ಓದುಗರು ಪದೇ ಪದೇ ಕೇಳುತ್ತಿದ್ದಾರೆ. ಅದು ಎಲ್ಲಿಯೂ ಇಲ್ಲ. ಈಗಿನ ಬಹುಪಾಲು ಆಟೊಮ್ಯಾಟಿಕ್ ಪಿಕಪ್‌ಗಳಲ್ಲಿ ಆಯಿಲ್ ಮಟ್ಟವನ್ನು ಗಾಡಿಯ ಅಡಿಯಿಂದ, ಎಂಜಿನ್ ಓಡುತ್ತಿರುವಾಗ, ಆಯಿಲ್ ಒಂದು ನಿಗದಿತ ಉಷ್ಣತೆಯಲ್ಲಿರುವಾಗ, ಒಂದು ಪ್ಲಗ್ ಬಿಚ್ಚಿ ನೋಡಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಕಣ್ಣಿಗೆ ಕಾಣುವ ಮಟ್ಟ ಸುಳ್ಳಾಗುತ್ತದೆ.

ಉದಾಹರಣೆಗೆ ಟೊಯೊಟಾ ಹೈಲಕ್ಸ್ ಅನ್ನು ಆರಿಸಿಕೊಂಡಿದ್ದೇನೆ. 2022ರಲ್ಲಿ ಭಾರತದ ಮಾರುಕಟ್ಟೆಗೆ ಬಂದ, ನಮ್ಮ ಬಿಡದಿಯಲ್ಲೇ ಜೋಡಣೆಯಾಗುವ ಈ ಪಿಕಪ್‌ನಲ್ಲಿ 2.8 ಲೀಟರ್ ಡೀಸೆಲ್ ಎಂಜಿನ್‌ಗೆ 6 ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಜೋಡಿಸಿದ ಮಾದರಿಯೂ ಇದೆ. ಅಮೆರಿಕದಲ್ಲಿ 2016ರಿಂದ 2023ರವರೆಗೆ ಮಾರಾಟವಾದ 6 ಗೇರಿನ ಆಟೊಮ್ಯಾಟಿಕ್ ಟೊಯೊಟಾ ಟಕೋಮಾ ಪಿಕಪ್ ಇಟ್ಟುಕೊಂಡಿರುವ ಕನ್ನಡಿಗರಿಗೂ ಕ್ರಮ ಬಹುಮಟ್ಟಿಗೆ ಇದೇ. ಬೇರೆ ಕಂಪನಿಗಳ ಗಾಡಿಗಳ ವ್ಯತ್ಯಾಸವನ್ನು ಕೊನೆಯಲ್ಲಿ ಹೇಳಿದ್ದೇನೆ. ಕ್ಲಚ್ ಪೆಡಲ್ ಇರುವ ಪಿಕಪ್ ನಿಮ್ಮದಾದರೆ ಈ ಲೇಖನ ನಿಮಗಲ್ಲ. ಅದರ ಗೇರ್ ಆಯಿಲ್ ಬೇರೆ, ನೋಡುವ ರೀತಿಯೂ ಬೇರೆ.

ಕೆಲಸಕ್ಕೆ ಇಳಿಯುವ ಮೊದಲು ಈ ಆಯಿಲ್ ಮಾಡುವ ಕೆಲಸವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಎಂಜಿನ್ ಮತ್ತು ಗೇರ್‌ಗಳ ನಡುವೆ ಟಾರ್ಕ್ ಕನ್ವರ್ಟರ್ ಎಂಬ, ಆಯಿಲ್ ತುಂಬಿದ ದುಂಡನೆಯ ಡಬ್ಬಿಯೊಂದಿದೆ. ಅದರೊಳಗೆ ಎದುರುಬದುರಾಗಿರುವ ಎರಡು ರೆಕ್ಕೆಚಕ್ರಗಳಲ್ಲಿ ಒಂದನ್ನು ಎಂಜಿನ್ ತಿರುಗಿಸಿದಾಗ, ಆಯಿಲಿನ ಸೆಳೆತಕ್ಕೆ ಇನ್ನೊಂದು ತಿರುಗುತ್ತದೆ. ಅಂದರೆ ಎಂಜಿನ್ನಿನ ಬಲವನ್ನು ಗಾಲಿಯ ಕಡೆಗೆ ಸಾಗಿಸುವುದೇ ಈ ಆಯಿಲ್. ಗೇರ್ ಬದಲಿಸುವ ಒಳಗಿನ ಕ್ಲಚ್ ಬಿಲ್ಲೆಗಳನ್ನು ಒತ್ತಿ ಹಿಡಿಯುವುದೂ ಅದೇ ಆಯಿಲಿನ ಒತ್ತಡ. ಬಿಲ್ಲೆಗಳ ಶಾಖವನ್ನು ಹೊತ್ತು, ಆಯಿಲ್ ತಣಿಸುವ ಕೂಲರ್‌ಗೆ ತಲುಪಿಸುವುದೂ ಅದೇ. ಮಟ್ಟ ಇಳಿದರೆ ಪಂಪು ಆಯಿಲಿನ ಜೊತೆ ಗಾಳಿಯನ್ನೂ ಎಳೆದುಕೊಂಡು ಒತ್ತಡ ಕುಸಿಯುತ್ತದೆ, ಬಿಲ್ಲೆಗಳು ಜಾರಿ ಸುಡುತ್ತವೆ. ಹಾಗೆಂದು ಕೈತುಂಬ ಸುರಿಯುವುದೂ ತಪ್ಪು. ತಿರುಗುವ ಭಾಗಗಳು ಹೆಚ್ಚಾದ ಆಯಿಲನ್ನು ಮಜ್ಜಿಗೆಯಂತೆ ಕಡೆದು ನೊರೆಯೆಬ್ಬಿಸುತ್ತವೆ, ನೊರೆಯಿಂದ ಒತ್ತಡ ಹುಟ್ಟುವುದಿಲ್ಲ.

ಇನ್ನು ಉಷ್ಣತೆಯ ಮಾತು. ಆಯಿಲ್ ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.7 ಪ್ರತಿಶತದಷ್ಟು ಹಿಗ್ಗುತ್ತದೆ. ಒಟ್ಟು 10 ಲೀಟರ್ ಹಿಡಿಯುವ ಗೇರ್‌ಬಾಕ್ಸ್ ಎಂದಿಟ್ಟುಕೊಂಡರೆ, ಬೆಳಗಿನ 25 ಡಿಗ್ರಿಗೂ ಘಟ್ಟ ಹತ್ತಿ ಬಂದ ಮೇಲಿನ 95 ಡಿಗ್ರಿಗೂ ನಡುವೆ ಅದೇ ಆಯಿಲ್ ಸುಮಾರು ಅರ್ಧ ಲೀಟರ್ ಹೆಚ್ಚಿದಂತೆ ಕಾಣುತ್ತದೆ. ಉಷ್ಣತೆ ಗೊತ್ತಿಲ್ಲದೆ ಮಟ್ಟ ನೋಡಿದರೆ ನೀವು ಅಳೆಯುತ್ತಿರುವುದು ಈ ಹಿಗ್ಗನ್ನೇ.

ಹಂತ 1: ಪ್ಲಗ್ ಬಿಚ್ಚುವ ಅಗತ್ಯವಿದೆಯೇ ಎಂದು ತೀರ್ಮಾನಿಸಿ

ಎಂಜಿನ್ನಿನಲ್ಲಿ ಆಯಿಲ್ ಸ್ವಲ್ಪ ಸ್ವಲ್ಪವಾಗಿ ಉರಿದು ಕಡಿಮೆಯಾಗುವುದುಂಟು. ಗೇರ್‌ಬಾಕ್ಸಿನ ಆಯಿಲ್ ಹಾಗೆ ಉರಿಯುವುದಿಲ್ಲ. ಅದು ಕಡಿಮೆಯಾಗಿದ್ದರೆ ಎಲ್ಲಿಂದಲೋ ಸೋರಿರಬೇಕು, ಇಲ್ಲವೇ ತುಂಬಿದವರು ಕಡಿಮೆ ತುಂಬಿರಬೇಕು. ಆದ್ದರಿಂದ ಹೊಸ ಗಾಡಿಯಲ್ಲಿ ಸೋರಿಕೆಯೂ ಇಲ್ಲ, ತೊಂದರೆಯ ಸೂಚನೆಯೂ ಇಲ್ಲ ಎಂದಾದರೆ ಪ್ಲಗ್ ಮುಟ್ಟದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಟಾರ್ಚ್ ಹಿಡಿದು ಅಡಿಯಲ್ಲಿ ಕಣ್ಣಾಡಿಸಿದರೆ ಸಾಕು. ಗೇರ್‌ಬಾಕ್ಸಿನ ಚೇಂಬರ್, ಅಂದರೆ ತಳದಲ್ಲಿರುವ ತಟ್ಟೆಯಂಥ ಆಯಿಲ್ ತೊಟ್ಟಿ, ಅದರ ಅಂಚು, ರೇಡಿಯೇಟರ್ ಕಡೆಗೆ ಹೋಗುವ ಕೂಲರ್ ಪೈಪುಗಳ ಕೀಲು, ಹಿಂದಿನ ಶಾಫ್ಟ್ ಹೊರಬರುವ ಸೀಲ್, ಈ ಮೂರು ಜಾಗಗಳು ಒಣಗಿದ್ದರೆ ಚಿಂತೆಯಿಲ್ಲ.

ಇವುಗಳಲ್ಲಿ ಒಂದು ಕಂಡರೂ ಮಟ್ಟ ನೋಡಲೇಬೇಕು: ನಿಲ್ಲಿಸಿದ ಜಾಗದಲ್ಲಿ ಕೆಂಪು ಹನಿಗಳು, ಪಿ ಇಂದ ಡಿ ಅಥವಾ ಆರ್‌ಗೆ ಹಾಕಿದ ಮೇಲೆ ಒಂದೆರಡು ಸೆಕೆಂಡು ಸುಮ್ಮನಿದ್ದು ಆಮೇಲೆ ಧಡಕ್ಕನೆ ಗೇರ್ ಹಿಡಿಯುವುದು, ಏರಿನಲ್ಲಿ ಎಂಜಿನ್ ಸದ್ದು ಏರಿದರೂ ವೇಗ ಏರದಿರುವುದು, ಗೇರ್‌ಬಾಕ್ಸ್ ಕೂಲರ್ ಅಥವಾ ರೇಡಿಯೇಟರ್ ರಿಪೇರಿ ಆಗಿರುವುದು. ಡ್ಯಾಶ್‌ಬೋರ್ಡಿನಲ್ಲಿ ಗೇರ್‌ಬಾಕ್ಸ್ ಆಯಿಲ್ ಬಿಸಿಯಾಗಿದೆ ಎಂಬ ದೀಪ ಹೊತ್ತಿಕೊಂಡರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಪಿ ಗೆ ಹಾಕಿ, ಎಂಜಿನ್ ಓಡುತ್ತಿರಲು ಬಿಡಿ. ಗಾಬರಿಯಿಂದ ಎಂಜಿನ್ ನಿಲ್ಲಿಸಿದರೆ ಕೂಲರ್‌ಗೆ ಆಯಿಲ್ ಹರಿಯುವುದೂ ನಿಂತುಹೋಗುತ್ತದೆ. ದೀಪ ಆರಿದ ಮೇಲೆ ಹೊರಡಬಹುದು; ಮತ್ತೆ ಮತ್ತೆ ಹೊತ್ತಿಕೊಂಡರೆ ಸರ್ವಿಸ್ ಸೆಂಟರಿಗೇ ಹೋಗಬೇಕು.

ವಾರಂಟಿ ಅವಧಿಯೊಳಗೆ ಇಂಥ ಲಕ್ಷಣ ಕಂಡರೆ ನೀವು ಪ್ಲಗ್ ಬಿಚ್ಚಬೇಡಿ. ಮಟ್ಟವನ್ನು ನಿಮ್ಮೆದುರೇ ನೋಡಿ ತೋರಿಸಬೇಕೆಂದು ಕೇಳಿ, ಜಾಬ್ ಕಾರ್ಡಿನಲ್ಲಿ ಬರೆಸಿ. ಕೆಳಗಿನ ಹಂತಗಳು ಗೊತ್ತಿದ್ದರೆ ಅಲ್ಲಿ ಸರಿಯಾಗಿ ನೋಡುತ್ತಿದ್ದಾರೋ ಇಲ್ಲವೋ ಎಂದು ನಿಮಗೇ ತಿಳಿಯುತ್ತದೆ.

ಹಂತ 2: ಸಾಮಗ್ರಿ ಹೊಂದಿಸಿಕೊಳ್ಳಿ

ನಿಮ್ಮ ಗಾಡಿಯ ಮಾದರಿ ಮತ್ತು ವರ್ಷಕ್ಕೆ ಹೊಂದುವ ವರ್ಕ್‌ಶಾಪ್ ಕೈಪಿಡಿಯ ಸಂಬಂಧಪಟ್ಟ ಪುಟ ಎಲ್ಲಕ್ಕಿಂತ ಮುಖ್ಯ. ಗಾಡಿಯ ಜೊತೆ ಬರುವ ಮಾಲೀಕರ ಪುಸ್ತಕದಲ್ಲಿ ಆಯಿಲಿನ ಹೆಸರಿರುತ್ತದೆ, ಆದರೆ ಮಟ್ಟ ನೋಡುವ ಉಷ್ಣತೆ ಸಾಮಾನ್ಯವಾಗಿ ಇರುವುದಿಲ್ಲ.

ಆಯಿಲ್ ಅದೇ ಗಾಡಿಗೆ ಹೇಳಿದ್ದಾಗಿರಬೇಕು. ಹೈಲಕ್ಸ್‌ಗೆ ಟೊಯೊಟಾದ ಎಟಿಎಫ್ ಡಬ್ಲ್ಯೂಎಸ್ ಎಂಬ ತೆಳುವಾದ ಆಯಿಲ್ ಬೇಕು. ಹಳೆಯ ಟೊಯೊಟಾ ಗಾಡಿಗಳ ಟಿ-4 ಆಯಿಲ್ ಅದೇ ಕಂಪನಿಯದಾದರೂ ಇದಕ್ಕೆ ಹೊಂದುವುದಿಲ್ಲ. ಎಲ್ಲ ಗಾಡಿಗೂ ಆಗುತ್ತದೆ ಎಂದು ಅಂಗಡಿಯವರು ಕೊಡುವ ಕೆಂಪು ಆಯಿಲನ್ನು ಹೊಸ ಗಾಡಿಗೆ ಹಾಕಲು ನನಗಂತೂ ಧೈರ್ಯ ಬರುವುದಿಲ್ಲ.

ಉಳಿದಂತೆ ಪ್ಲಗ್‌ಗೆ ಸರಿಯಾದ ಆಲನ್ ಕೀ ಅಥವಾ ಸಾಕೆಟ್, ಪ್ಲಗ್‌ನ ಹೊಸ ವಾಷರ್, ನಿಗದಿತ ಬಲಕ್ಕೆ ಬಿಗಿ ಮಾಡುವ ಟಾರ್ಕ್ ಸ್ಪ್ಯಾನರ್, ಕೊಳವೆಯಿರುವ ಕೈಪಂಪು, ಅಳತೆಯ ಗುರುತಿರುವ ಸ್ವಚ್ಛ ಪಾತ್ರೆ, ಕನ್ನಡಕ, ಕೈಗವಸು, ಗಾಲಿಗೆ ಇಡುವ ಅಡೆಗಳು ಬೇಕು. ಒರೆಸಲು ನೂಲು ಬಿಡುವ ಬನಿಯನ್ ವೇಸ್ಟ್ ಬೇಡ. ಕೂದಲಿನಷ್ಟು ನೂಲು ಒಳಗೆ ಹೋದರೂ ವಾಲ್ವ್ ಬಾಡಿಯ, ಅಂದರೆ ಆಯಿಲನ್ನು ಎಲ್ಲಿಗೆ ಕಳುಹಿಸಬೇಕೆಂದು ನಿರ್ಧರಿಸುವ ಕಿರುದಾರಿಗಳ ಜಾಲದ, ಯಾವುದಾದರೂ ವಾಲ್ವಿನಲ್ಲಿ ಸಿಕ್ಕಿಕೊಳ್ಳಬಹುದು.

ಹಂತ 3: ಗಾಡಿಯನ್ನು ಸಮತಟ್ಟಾಗಿ ನಿಲ್ಲಿಸಿ

ಪಿಕಪ್‌ನ ಹೊಟ್ಟೆ ಎತ್ತರದಲ್ಲಿರುವುದರಿಂದ ಜಾಕ್ ಹಾಕದೆಯೇ ತೂರಬಹುದು. ಮುಂದಿನ ಗಾಲಿಗಳನ್ನು ಮಾತ್ರ ರ‍್ಯಾಂಪ್ ಮೇಲೆ ಹತ್ತಿಸಿದರೆ ಮಟ್ಟ ಖಂಡಿತ ತಪ್ಪುತ್ತದೆ. ನೆಲ ಸಮನಾಗಿದೆಯೇ ಎಂದು ಗಾರೆಯವರ ರಸಮಟ್ಟ ಇಟ್ಟು ನೋಡಿ. ಅದನ್ನು ನೆಲದ ಮೇಲೆ ಇಡಬೇಕು, ಬಾಗಿಲ ಹೊಸ್ತಿಲ ಮೇಲಲ್ಲ. ಪಟ್ಟಿ ಸ್ಪ್ರಿಂಗಿನ ಪಿಕಪ್‌ಗಳು ಹೊರೆಯಿಲ್ಲದಾಗ ಹಿಂಭಾಗ ಎತ್ತಿಕೊಂಡೇ ನಿಲ್ಲುತ್ತವೆ. ಹಿಂದೆ ಗೊಬ್ಬರದ ಮೂಟೆಯೋ ಕಾಫಿ ಚೀಲವೋ ಇದ್ದರೆ ಇಳಿಸಿ.

ಪಿ ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗಳ ಎರಡೂ ಬದಿಗೆ ಅಡೆ ಕೊಡಿ. ಓಡುತ್ತಿರುವ ಎಂಜಿನ್ನಿನ ಕೆಳಗೆ ಮಲಗಬೇಕಾದ್ದರಿಂದ ಬಾಗಿಲು ಹಾಕಿದ ಶೆಡ್ ಬೇಡ, ಹೊಗೆಯಲ್ಲಿ ವಿಷಾನಿಲವಿರುತ್ತದೆ. ಈಗಿನ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಜಾಲರಿಯಿದೆ. ಅದು ತಾನು ಹಿಡಿದ ಮಸಿಯನ್ನು ಆಗಾಗ ತಾನೇ ಸುಟ್ಟುಕೊಳ್ಳುವಾಗ ಪೈಪು ವಿಪರೀತ ಬಿಸಿಯಾಗುತ್ತದೆ. ಅಂಥ ಸೂಚನೆ ಡ್ಯಾಶ್‌ಬೋರ್ಡಿನಲ್ಲಿದ್ದರೆ ಅದು ಮುಗಿದು ಗಾಡಿ ತಣಿಯುವವರೆಗೆ ಕೆಲಸವನ್ನು ಮುಂದೂಡಿ.

ಹಂತ 4: ಪ್ಲಗ್‌ಗಳನ್ನು ಗುರುತಿಸಿ

ಗಾಡಿ ತಣ್ಣಗಿರುವಾಗ, ಎಂಜಿನ್ ನಿಂತಿರುವಾಗ ಈ ಕೆಲಸ ಮುಗಿಸಿಕೊಳ್ಳಿ. ಹುಡುಕಬೇಕಾದ ಪ್ಲಗ್‌ಗಳು ಎರಡು. ಒಂದು, ಗೇರ್‌ಬಾಕ್ಸಿನ ಪಕ್ಕದಲ್ಲಿ ಎತ್ತರದಲ್ಲಿರುವ ತುಂಬುವ ಪ್ಲಗ್. ಇನ್ನೊಂದು, ಚೇಂಬರಿನ ತಳದಲ್ಲಿರುವ ಓವರ್‌ಫ್ಲೋ ಪ್ಲಗ್. ಇದರ ಒಳಗೆ ಮೇಲ್ಮುಖವಾಗಿ ನಿಂತ ಕಿರುನಳಿಕೆಯೊಂದಿದ್ದು, ನಳಿಕೆಯ ಬಾಯಿ ಇರುವ ಎತ್ತರವೇ ಸರಿಯಾದ ಮಟ್ಟ; ಅದಕ್ಕಿಂತ ಮೇಲಿರುವ ಆಯಿಲ್ ನಳಿಕೆಯೊಳಗೆ ಇಳಿದು ಹೊರಬರುತ್ತದೆ. ಕೆಲವು ಮಾದರಿಗಳಲ್ಲಿ ಆಯಿಲ್ ಪೂರ್ತಿ ಖಾಲಿ ಮಾಡುವ ಡ್ರೈನ್ ಪ್ಲಗ್ ಪಕ್ಕದಲ್ಲೇ ಬೇರೆಯಾಗಿ ಇರುತ್ತದೆ. ಅದನ್ನು ಬಿಚ್ಚಿದರೆ ಚೇಂಬರಿನ ಆಯಿಲೆಲ್ಲ ಮೈಮೇಲೆ ಸುರಿಯುತ್ತದೆ.

ನಾಲ್ಕು ಗಾಲಿಗೂ ಎಳೆತವಿರುವ ಗಾಡಿಯಲ್ಲಿ ಇನ್ನೊಂದು ಗೊಂದಲವಿದೆ. ಗೇರ್‌ಬಾಕ್ಸಿನ ಬೆನ್ನಿಗೇ ಅಂಟಿಕೊಂಡಿರುವ, ಮುಂದಿನ ಗಾಲಿಗಳಿಗೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿಗೂ ತನ್ನದೇ ಪ್ಲಗ್‌ಗಳಿವೆ, ಅದರ ಆಯಿಲೂ ಬೇರೆ. ಕೈಪಿಡಿಯ ಚಿತ್ರದ ಜೊತೆ ತಾಳೆ ನೋಡಿ, ಸರಿಯಾದ ಪ್ಲಗ್‌ಗೆ ಸೀಮೆಸುಣ್ಣದ ಗುರುತು ಹಾಕಿಕೊಳ್ಳಿ.

ಈಗ ತುಂಬುವ ಪ್ಲಗ್ ಅನ್ನು ಒಮ್ಮೆ ಸಡಿಲಿಸಿ, ಮತ್ತೆ ಕೈಯಿಂದಲೇ ಮುಚ್ಚಿ. ಕೆಳಗಿನ ಪ್ಲಗ್ ಬಿಚ್ಚಿ ಆಯಿಲ್ ಸುರಿದ ಮೇಲೆ ಮೇಲಿನದು ಜಗ್ಗುವುದೇ ಇಲ್ಲ ಎಂದು ಗೊತ್ತಾದರೆ, ಆ ಗಾಡಿಯನ್ನು ಮತ್ತೊಂದು ಗಾಡಿಯ ಮೇಲೆ ಹೇರಿಯೇ ಸಾಗಿಸಬೇಕಾಗುತ್ತದೆ.

ಹಂತ 5: ಆಯಿಲಿನ ಉಷ್ಣತೆ ತಿಳಿಯುವ ವ್ಯವಸ್ಥೆ ಮಾಡಿಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುವುದು ಎಂಜಿನ್ ತಂಪುಗೊಳಿಸುವ ನೀರಿನ ಉಷ್ಣತೆಯನ್ನು. ಎಂಜಿನ್ ಬಿಸಿಯಾದ ಎಷ್ಟೋ ಹೊತ್ತಿನ ಮೇಲೆ ಗೇರ್‌ಬಾಕ್ಸ್ ಆಯಿಲ್ ಬಿಸಿಯಾಗುತ್ತದೆ.

ಸ್ಟೇರಿಂಗಿನ ಕೆಳಗಿರುವ ಒಬಿಡಿ ಸಾಕೆಟ್‌ಗೆ, ಅಂದರೆ ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಕಿಂಡಿಗೆ, ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲಿ ಗೇರ್‌ಬಾಕ್ಸ್ ಆಯಿಲಿನ ಉಷ್ಣತೆ ಓದುವುದು ಉತ್ತಮ ಮಾರ್ಗ. ಅಗ್ಗದ ಆ್ಯಪ್‌ಗಳಲ್ಲಿ ಎಂಜಿನ್ ಮಾಹಿತಿ ಮಾತ್ರ ಬರುವುದುಂಟು, ಆದ್ದರಿಂದ ಕೆಲಸದ ಹಿಂದಿನ ದಿನವೇ ಪರೀಕ್ಷಿಸಿಕೊಳ್ಳಿ.

ಟೊಯೊಟಾದಲ್ಲಿ ಸ್ಕ್ಯಾನರ್ ಇಲ್ಲದೆ ನೋಡುವ ದಾರಿಯೂ ಇದೆ. ಆ ಸಾಕೆಟ್ಟಿನ 4 ಮತ್ತು 13ನೇ ಕಾಲುಗಳನ್ನು ತಂತಿಯಿಂದ ಜೋಡಿಸಿ, ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿಕೊಂಡೇ ಗೇರ್ ಕಡ್ಡಿಯನ್ನು ಎನ್ ಮತ್ತು ಡಿ ನಡುವೆ ಆರು ಸೆಕೆಂಡಿಗೂ ಹೆಚ್ಚು ಕಾಲ ಬೇಗ ಬೇಗ ಆಡಿಸಿದರೆ, ಡ್ಯಾಶ್‌ಬೋರ್ಡಿನ ಡಿ ದೀಪವೇ ಉಷ್ಣತೆಯ ಸೂಚಕವಾಗುತ್ತದೆ. ದೀಪ ಆರಿದ್ದರೆ ಆಯಿಲ್ ಇನ್ನೂ ತಣ್ಣಗಿದೆ, ಬೆಳಗಿದರೆ ಸರಿಯಾಗಿದೆ, ಮಿನುಗಿದರೆ ಮಿತಿ ಮೀರಿ ಬಿಸಿಯಾಗಿದೆ ಎಂದರ್ಥ. ಉಪಾಯ ಚೆನ್ನಾಗಿದೆ, ಆದರೆ ಅದೇ ಸಾಕೆಟ್ಟಿನ 16ನೇ ಕಾಲಿಗೆ ಬ್ಯಾಟರಿಯ ವಿದ್ಯುತ್ ನೇರವಾಗಿ ಬರುತ್ತಿರುತ್ತದೆ. ತಂತಿ ಅಲ್ಲಿಗೆ ತಾಗಿದರೆ ಫ್ಯೂಸ್ ಹೋಗುವುದು ಕನಿಷ್ಠ ನಷ್ಟ. ಕೈ ನಡುಗುವವರು ಸ್ಕ್ಯಾನರನ್ನೇ ಕೊಳ್ಳಲಿ.

ದೂರದಿಂದಲೇ ಶಾಖ ಓದುವ ಇನ್‌ಫ್ರಾರೆಡ್ ಥರ್ಮಾಮೀಟರ್ ಮಾತ್ರವಿದ್ದರೆ, ಹೊಳೆಯುವ ಲೋಹದ ಮೇಲೆ ಅದು ಕಡಿಮೆ ತೋರಿಸುತ್ತದೆ. ಚೇಂಬರಿನ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ ಅದರ ಮೇಲೆ ಗುರಿಯಿಡಿ. ಆಗಲೂ ಸಿಗುವುದು ಹೊರಮೈಯ ಶಾಖ; ಒಳಗಿನದು ಇನ್ನೂ ಕೆಲವು ಡಿಗ್ರಿ ಹೆಚ್ಚಿರುತ್ತದೆ.

ಎಷ್ಟು ಡಿಗ್ರಿಗೆ ನೋಡಬೇಕು? ಇದು ಗೇರ್‌ಬಾಕ್ಸಿನಿಂದ ಗೇರ್‌ಬಾಕ್ಸಿಗೆ ಬೇರೆ. ಟೊಯೊಟಾದ್ದೇ ಹಳೆಯ 5 ಗೇರಿನ ಎ750 ಗೇರ್‌ಬಾಕ್ಸಿಗೆ 46ರಿಂದ 56 ಡಿಗ್ರಿ. ಅಮೆರಿಕದ ರ‍್ಯಾಮ್ 1500 ಪಿಕಪ್‌ನಲ್ಲಿರುವ, ಝಡ್‌ಎಫ್ ಎಂಬ ಕಂಪನಿಯ ವಿನ್ಯಾಸದ 8 ಗೇರಿನದಕ್ಕೆ 30ರಿಂದ 50 ಡಿಗ್ರಿ. ವಿಡಿಯೊದಲ್ಲಿ ಯಾರೋ ಹೇಳಿದ ಅಂಕಿಯನ್ನು ನಿಮ್ಮ ಗಾಡಿಗೆ ಹಚ್ಚಬೇಡಿ, ಕೈಪಿಡಿಯ ಅಂಕಿಯನ್ನೇ ಹಿಡಿಯಿರಿ.

ಹಂತ 6: ಬೆಳಗ್ಗೆ, ತಣ್ಣನೆಯ ಗಾಡಿಯಿಂದ ಆರಂಭಿಸಿ

ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಗ್ಗೆ ಚಾಲೂ ಮಾಡಿ, ಎ.ಸಿ. ಆರಿಸಿ, ಬ್ರೇಕ್ ಒತ್ತಿಕೊಂಡು ಗೇರ್ ಕಡ್ಡಿಯನ್ನು ಪಿ, ಆರ್, ಎನ್, ಡಿ ಎಂದು ಪ್ರತಿಯೊಂದರಲ್ಲೂ ಒಂದೆರಡು ಸೆಕೆಂಡು ನಿಲ್ಲಿಸುತ್ತ ಸಾಗಿಸಿ, ಮರಳಿ ಪಿ ಗೆ ತನ್ನಿ. ಇದರಿಂದ ಒಳಗಿನ ದಾರಿಗಳಲ್ಲೆಲ್ಲ ಆಯಿಲ್ ತುಂಬಿಕೊಳ್ಳುತ್ತದೆ. ಆಮೇಲೆ ಎಂಜಿನ್ನನ್ನು ಹಾಗೆಯೇ ಓಡಲು ಬಿಟ್ಟು ಉಷ್ಣತೆ ಏರುವುದನ್ನು ನೋಡುತ್ತಿರಿ. ಉಷ್ಣತೆ ಒಮ್ಮೆ ಮಿತಿ ದಾಟಿದರೆ ಕಾದು ತಣಿಸಲು ಗಂಟೆಗಟ್ಟಲೆ ಬೇಕು. ಬೇಸಿಗೆಯ ಮಧ್ಯಾಹ್ನ ಹೊರಗಿನ ಗಾಳಿಯೇ 42 ಡಿಗ್ರಿ ಮುಟ್ಟುವ ಕಲಬುರಗಿ, ರಾಯಚೂರಿನ ಕಡೆಯವರು ಬೆಳಗಿನ ಆರು ಗಂಟೆಯ ಕೆಲಸವೆಂದೇ ಇದನ್ನು ಇಟ್ಟುಕೊಳ್ಳಬೇಕು.

ಕೆಲವು ಗಾಡಿಗಳಲ್ಲಿ ಆಯಿಲ್ ಬಿಸಿಯಾಗುವವರೆಗೆ ಕೂಲರ್‌ನ ದಾರಿಯನ್ನು ಮುಚ್ಚಿಡುವ ಥರ್ಮೋಸ್ಟಾಟ್ ವಾಲ್ವ್ ಇರುತ್ತದೆ. ಮಟ್ಟ ನೋಡುವಾಗ ಅದನ್ನು ತೆರೆದಿಡುವ ಕ್ರಮ ಕೈಪಿಡಿಯಲ್ಲಿದ್ದರೆ ತಪ್ಪದೆ ಪಾಲಿಸಿ.

ಹಂತ 7: ಪ್ಲಗ್ ಬಿಚ್ಚಿ, ಹರಿವನ್ನು ಓದಿ

ಉಷ್ಣತೆ ಮಿತಿಯೊಳಗೆ ಬಂದಿದೆ, ಎಂಜಿನ್ ಓಡುತ್ತಿದೆ. ಕೆಳಗೆ ಪಾತ್ರೆಯಿಟ್ಟು ಓವರ್‌ಫ್ಲೋ ಪ್ಲಗ್ ಬಿಚ್ಚಿ.

ಎಂಜಿನ್ ಆರಿಸಿ ಬಿಚ್ಚುವುದು ಇಲ್ಲಿನ ದೊಡ್ಡ ತಪ್ಪು. ಎಂಜಿನ್ ನಿಂತೊಡನೆ ಟಾರ್ಕ್ ಕನ್ವರ್ಟರ್ ಮತ್ತು ಮೇಲಿನ ದಾರಿಗಳಲ್ಲಿದ್ದ ಆಯಿಲ್ ಚೇಂಬರಿಗೆ ಇಳಿಯತೊಡಗುತ್ತದೆ. ಆಗ ಪ್ಲಗ್ ಬಿಚ್ಚಿದರೆ ಬೇಕಾದ ಆಯಿಲೂ ಹೆಚ್ಚಾದಂತೆ ಕಂಡು ಹೊರಗೆ ಹರಿದುಹೋಗುತ್ತದೆ. ಸರಿಯಾಗಿದ್ದ ಮಟ್ಟವನ್ನು ಹೀಗೆ ಇಳಿಸಿಕೊಂಡು, ಗೇರ್ ಜಾರುತ್ತಿದೆ ಎಂದು ಬಂದವರನ್ನು ನಾನು ನೋಡಿದ್ದೇನೆ.

ಮೊದಲು ಸ್ವಲ್ಪ ಆಯಿಲ್ ಚಿಮ್ಮುತ್ತದೆ. ಅದು ನಳಿಕೆಯೊಳಗೆ ನಿಂತಿದ್ದ ಆಯಿಲ್ ಮಾತ್ರ, ಅದನ್ನು ನೋಡಿ ಮಟ್ಟ ಸರಿಯಿದೆ ಎಂದುಕೊಳ್ಳಬೇಡಿ. ಆಮೇಲೆ ಏನಾಗುತ್ತದೆ ಎನ್ನುವುದೇ ಮುಖ್ಯ. ಸಣ್ಣ ಎಳೆಯಾಗಿ ಅಥವಾ ಹನಿಹನಿಯಾಗಿ ಬರುತ್ತಿದ್ದರೆ ಮಟ್ಟ ಸರಿಯಿದೆ. ಧಾರೆಯಾಗಿ ಹರಿದರೆ ಹೆಚ್ಚಿದೆ. ಅದು ಹನಿಗೆ ಇಳಿಯುವವರೆಗೆ ಹರಿಯಲು ಬಿಡಿ. ಮೊದಲ ಚಿಮ್ಮಿನ ಬಳಿಕ ಏನೂ ಬರದಿದ್ದರೆ ಕಡಿಮೆಯಿದೆ ಎಂದೇ ತಿಳಿದು ಮುಂದಿನ ಹಂತಕ್ಕೆ ಹೋಗಿ. ಇಷ್ಟರಲ್ಲಿ ಉಷ್ಣತೆ ಏರುತ್ತಲೇ ಇರುತ್ತದೆ, ಆದ್ದರಿಂದ ಒಬ್ಬರು ಒಳಗೆ ಕೂತು ಅಂಕಿಯನ್ನು ಕೂಗಿ ಹೇಳುತ್ತಿದ್ದರೆ ಕೆಲಸ ಸುಲಭ.

ಹಂತ 8: ಕಡಿಮೆಯಿದ್ದರೆ ಸ್ವಲ್ಪ ಸ್ವಲ್ಪವಾಗಿ ತುಂಬಿ

ಮೇಲಿನ ಪ್ಲಗ್ ತೆಗೆದು, ಎಂಜಿನ್ ಓಡುತ್ತಿರುವಂತೆಯೇ ಕೈಪಂಪಿನಿಂದ ಒಮ್ಮೆಗೆ ನೂರು ಮಿಲಿಲೀಟರಿನಷ್ಟು ಹಾಕಿ, ಕೆಳಗಿನ ರಂಧ್ರದಿಂದ ಹನಿ ಬರುವವರೆಗೆ ಕಾಯಿರಿ. ಸೈಲೆನ್ಸರ್ ಪೈಪು ಹತ್ತಿರದಲ್ಲೇ ಇರುತ್ತದೆ, ಚೆಲ್ಲಿದ ಆಯಿಲ್ ಬಿಸಿ ಪೈಪಿನ ಮೇಲೆ ಹೊಗೆಯಾಡುತ್ತದೆ. ಎಷ್ಟು ಹಾಕಿದಿರಿ ಎಂದು ಬರೆದಿಟ್ಟುಕೊಳ್ಳಿ. ಅರ್ಧ ಲೀಟರ್ ದಾಟಿದರೂ ಹನಿ ಬರದಿದ್ದರೆ, ಕೆಳಗಿನ ಪ್ಲಗ್ ಸರಿಯಾದದ್ದೇ ಎಂದು ಮತ್ತೊಮ್ಮೆ ನೋಡಿ. ಅದು ಸರಿಯಿದ್ದರೆ ಸೋರಿಕೆ ಎಲ್ಲಿದೆ ಎಂದು ಹುಡುಕದೆ ಗಾಡಿ ಓಡಿಸಬಾರದು.

ಹೊರಬಂದ ಆಯಿಲನ್ನು ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿ ನೋಡಿ. ಹೊಸ ಎಟಿಎಫ್ ಡಬ್ಲ್ಯೂಎಸ್ ತಿಳಿಗೆಂಪು. ಓಡಿದಂತೆ ಬಣ್ಣ ಮಾಸುವುದು ಸಹಜ, ಆದರೆ ಸೀದ ವಾಸನೆಯಿದ್ದರೆ ಬಿಲ್ಲೆಗಳು ಸುಟ್ಟಿವೆ ಎಂದರ್ಥ. ಹಾಲು ಬೆರೆಸಿದಂತೆ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಕೂಲರ್ ಒಡೆದು ರೇಡಿಯೇಟರಿನ ನೀರು ಬೆರೆತಿರಬಹುದು. ಮಳೆಗಾಲದಲ್ಲಿ ಹಳ್ಳ ದಾಟುವ ಕೊಡಗು, ಮಲೆನಾಡಿನ ಗಾಡಿಗಳಲ್ಲಾದರೆ ಗೇರ್‌ಬಾಕ್ಸ್ ಉಸಿರಾಡುವ ಬ್ರೀದರ್ ಕೊಳವೆಯ ಮೂಲಕವೂ ಬಂದಿರಬಹುದು. ನೀರು ಸೇರಿದ ಆಯಿಲಿಗೆ ಹೊಸ ಆಯಿಲ್ ಬೆರೆಸಿ ಸರಿಪಡಿಸಲಾಗದು. ಎಂಜಿನ್ ಆರಿಸಿ, ಗಾಡಿಯನ್ನು ಮತ್ತೊಂದು ಗಾಡಿಯ ಮೇಲೆ ಹೇರಿಸಿಕೊಂಡೇ ಹೋಗಿ.

ಹಂತ 9: ಮುಚ್ಚಿ

ಹನಿ ಬೀಳುತ್ತಿರುವಾಗಲೇ ಹೊಸ ವಾಷರ್ ಹಾಕಿ ಕೆಳಗಿನ ಪ್ಲಗ್ ಮುಚ್ಚಿ, ಆಮೇಲೆ ಮೇಲಿನದನ್ನು ಮುಚ್ಚಿ. ಟೊಯೊಟಾದ ಇಂಥ ಎಷ್ಟೋ ಗೇರ್‌ಬಾಕ್ಸ್‌ಗಳಲ್ಲಿ ಓವರ್‌ಫ್ಲೋ ಪ್ಲಗ್‌ಗೆ ಬೇಕಾದ ಬಿಗಿ 20 ನ್ಯೂಟನ್ ಮೀಟರಿನ ಸುಮಾರು. ಗಾಲಿಯ ನಟ್ಟಿಗೆ ಹಾಕುವ ಬಲದ ಐದರಲ್ಲಿ ಒಂದು ಪಾಲು. ಉದ್ದ ಹಿಡಿಯ ಸ್ಪ್ಯಾನರಿನಿಂದ ಮೈಬಲ ಹಾಕಿ ತಿರುಗಿಸಿದರೆ ಪ್ಲಗ್ ಕೂರುವ ರಂಧ್ರದ ತಿರುಪುಸುತ್ತು ಕಿತ್ತುಬರುತ್ತದೆ, ಚೇಂಬರೇ ಹೊಸದು ಬೇಕಾಗುತ್ತದೆ. ಎಂಜಿನ್ ಆರಿಸಿ, ಸುತ್ತ ಒರೆಸಿ, ಹತ್ತು ಕಿಲೋಮೀಟರ್ ಓಡಿಸಿ ಬಂದು ಮತ್ತೆ ನೋಡಿ.

ಬೇರೆ ಪಿಕಪ್‌ಗಳಲ್ಲಿ

ಅಮೆರಿಕದಲ್ಲಿರುವ ಫೋರ್ಡ್ ಎಫ್-150 ಮಾಲೀಕರ ವಿಷಯ ಬೇರೆ. ಅದರ 6 ಗೇರಿನ ಗೇರ್‌ಬಾಕ್ಸಿನಲ್ಲಿ ಗಾಡಿಯ ಅಡಿಯಲ್ಲಿ, ಸೈಲೆನ್ಸರ್ ಪೈಪಿನ ಪಕ್ಕದ ಪ್ಲಗ್‌ನೊಳಗೆ ಬೆರಳುದ್ದದ ಡಿಪ್‌ಸ್ಟಿಕ್ ಇರುತ್ತದೆ. ಅದನ್ನು ನೋಡಬೇಕಾದದ್ದು ಆಯಿಲ್ ಸುಮಾರು 96ರಿಂದ 101 ಡಿಗ್ರಿ ಬಿಸಿಯಿರುವಾಗ, ಅಂದರೆ ಟೊಯೊಟಾದ ಅಂಕಿಗಳ ಹೆಚ್ಚುಕಡಿಮೆ ಎರಡರಷ್ಟು. ಆ ಶಾಖದಲ್ಲಿ ಕೈಗವಸಿಲ್ಲದೆ ಪ್ಲಗ್ ಮುಟ್ಟಿದರೆ ಸುಡುವುದು ಖಚಿತ. ರ‍್ಯಾಮ್‌ನಲ್ಲಿ ಓವರ್‌ಫ್ಲೋ ನಳಿಕೆಯಿಲ್ಲ. ಪಕ್ಕದ ತುಂಬುವ ರಂಧ್ರದ ಅಂಚೇ ಮಟ್ಟ, ಅಲ್ಲಿಂದ ಹನಿ ಹೊರಬಂದರೆ ಸರಿ. ಹೋಂಡಾದ ರಿಡ್ಜ್‌ಲೈನ್‌ನ ಡಿಪ್‌ಸ್ಟಿಕ್ ಇರುವ ಹಳೆಯ ಮಾದರಿಗಳು ಎಲ್ಲಕ್ಕೂ ಅಪವಾದ. ಅವುಗಳಲ್ಲಿ ಬಿಸಿಯಾದ ಎಂಜಿನ್ ಆರಿಸಿ, 60ರಿಂದ 90 ಸೆಕೆಂಡಿನೊಳಗೆ ನೋಡಬೇಕು. ನಮ್ಮಲ್ಲಿ ಸಿಗುವ ಇಸುಜು ವಿ-ಕ್ರಾಸ್‌ನ 6 ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಅದರದೇ ಕೈಪಿಡಿಯ ಉಷ್ಣತೆ, ಅದರದೇ ಆಯಿಲ್.

ಜೀವಮಾನವಿಡೀ ಆಯಿಲ್ ಬದಲಿಸಬೇಕಿಲ್ಲ ಎಂಬ ಮಾತನ್ನು ಹಲವರು ಕೇಳಿರುತ್ತೀರಿ. ರ‍್ಯಾಮ್‌ನ ಗೇರ್‌ಬಾಕ್ಸನ್ನು ವಿನ್ಯಾಸ ಮಾಡಿದ ಝಡ್‌ಎಫ್ ಕಂಪನಿಯೇ ತನ್ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗಳಿಗೆ 80,000ದಿಂದ 1,20,000 ಕಿಲೋಮೀಟರಿನೊಳಗೆ ಆಯಿಲ್ ಬದಲಿಸಲು ಸಲಹೆ ಕೊಡುತ್ತದೆ. ಟ್ರೇಲರ್ ಎಳೆಯುವವರು, ದಿನವೂ ಘಟ್ಟ ಹತ್ತಿ ಇಳಿಯುವವರು ಆ ಅಂತರದ ಕೆಳಗಿನ ಅಂಕಿಯನ್ನು ಹಿಡಿಯುವುದು ಲೇಸು.

ಪಾತ್ರೆಗೆ ಬಿದ್ದ ಆಯಿಲನ್ನು ಮತ್ತೆ ಗೇರ್‌ಬಾಕ್ಸಿಗೆ ಸುರಿಯಬೇಡಿ, ತೋಟಕ್ಕೂ ಚರಂಡಿಗೂ ಚೆಲ್ಲಬೇಡಿ; ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಹಳೆಯ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ದಿನಾಂಕ, ಓಡಿದ ಕಿಲೋಮೀಟರ್, ನೋಡಿದಾಗಿನ ಉಷ್ಣತೆ, ಹಾಕಿದ ಅಥವಾ ಹೊರಹೋದ ಆಯಿಲಿನ ಅಳತೆ, ಇವನ್ನು ಸರ್ವಿಸ್ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ. ಒಂದು ವಾರದ ಬಳಿಕ ಎರಡೂ ಪ್ಲಗ್‌ಗಳ ಸುತ್ತ ಟಾರ್ಚ್ ಹಿಡಿದು ಇನ್ನೊಮ್ಮೆ ನೋಡಿ; ತೇವ ಕಂಡರೆ ಪ್ಲಗ್ ಅನ್ನು ಇನ್ನಷ್ಟು ಬಿಗಿ ಮಾಡುವ ಬದಲು ವಾಷರ್ ಬದಲಿಸಿ.